ಎತ್ತಿಕೊಟ್ಟ ಮಾತು

ಅದು ಮಾತು ಹೋದವರಿಗೆ ಮಾತು ಮರಳಿ ಕಲಿಸುವ ಕೇಂದ್ರ. ಪಾರ್ಶ್ವವಾಯು ಹೊಡೆದು ನಾಲಿಗೆ ಸ್ವಾಧೀನ ತಪ್ಪಿದವರು, ತಲೆಗೆ ಪೆಟ್ಟು ಬಿದ್ದವರು, ವಯಸ್ಸಿಗೆ ತಕ್ಕ ಮಾತು ಬಾರದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಅಂಥ ಜಾಗ ಸದ್ದಿಲ್ಲದೆ ಇರುತ್ತದೆ ಅಂದುಕೊಂಡವರು ಒಮ್ಮೆ ಅಲ್ಲಿನ ಚಹಾ ಕೋಣೆಗೆ ಹೋಗಿ ಬರಬೇಕು. ಇನ್ನೊಬ್ಬರ ಮಾತಿಗಾಗಿ ದಿನವೆಲ್ಲ ಬಾಯಿ ಬಿಗಿಹಿಡಿದು ಕೂತವರು ಹೊರಗೆ ಬಂದದ್ದೇ ತಡ, ಕಟ್ಟೆ ಒಡೆದ ಹಾಗೆ ಮಾತಾಡುತ್ತಿದ್ದರು.

ಮಕ್ಕಳನ್ನು ನೋಡಿಕೊಳ್ಳುತ್ತಿದ್ದವನಿಗೆ ಪೀಪಿ ಅಂತ ಹೆಸರು. ಮಕ್ಕಳ ಕೈಲಿ ಊದಿಸಲು ಜೇಬಿನಲ್ಲಿ ಯಾವಾಗಲೂ ಒಂದು ಪೀಪಿ ಇಟ್ಟುಕೊಂಡಿರುತ್ತಿದ್ದ. ಮದುವೆಯಾಗಿ, ಮಗಳು ಹುಟ್ಟಿ, ತಲೆಗೂದಲು ಅರ್ಧ ಹೋದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಇನ್ನೊಬ್ಬಳು ಹೊಸಬಳು. ಬೇರೊಂದು ಕೇಂದ್ರದಲ್ಲಿ ಕೆಲಸ ಮಾಡಿ ಅನುಭವ ಇದ್ದವಳೇ, ಇಲ್ಲಿಗೆ ಬಂದೂ ಬಹಳ ಕಾಲವಾಗಿತ್ತು. ಆದರೆ ಅವಳ ನಂತರ ಯಾರೂ ಸೇರದ ಕಾರಣ ಹೊಸಬಳಾಗಿಯೇ ಉಳಿದಳು. ಇವರಿಬ್ಬರಿಗೂ ದೊಡ್ಡವಳು ದೊಡ್ಡಕ್ಕ. ಕೇಂದ್ರ ಶುರುವಾದ ದಿನದಿಂದ ಇದ್ದವಳು, ಇಬ್ಬರಿಗೂ ಕೆಲಸ ಹೇಳಿಕೊಟ್ಟವಳು.

ದೊಡ್ಡಕ್ಕನ ಕಿವಿ ಎಂದರೆ ಆ ಕಸುಬಿನವರ ನಡುವೆ ಒಂದು ಹೆಸರುವಾಸಿ ವಸ್ತು. ಎದುರಿಗೆ ಕೂತವರ ತುಟಿ ಸ್ವಲ್ಪ ಅಲುಗಿದರೆ ಸಾಕು, ಬರಲಿರುವ ಮಾತು ಯಾವುದು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಬೇರೆಯವರಿಗೆ ಬರೀ ಗೊರಗೊರ ಅಂತ ಕೇಳಿಸಿದ್ದನ್ನು ಅವಳು ‘ಹೊಟ್ಟೆ ನೋಯ್ತಿದೆ ಅಂತಿದ್ದಾರೆ’ ಅಂತ ಬಿಡಿಸಿ ಹೇಳಿಬಿಡುತ್ತಿದ್ದಳು, ಅದು ನಿಜವೂ ಆಗಿರುತ್ತಿತ್ತು. ಹೊಸದಾಗಿ ಬಂದವರ ಮನೆಮಂದಿ ಬೆರಗಾಗಿ ಕೈಮುಗಿಯುತ್ತಿದ್ದರು. ಇದರಿಂದ ದೊಡ್ಡಕ್ಕನಿಗೆ ಕೊಂಬು ಬಂದಿತ್ತು ಅಂತ ಹೇಳಿದರೆ ತಪ್ಪಾಗುತ್ತದೆ. ಆದರೆ ಆ ನಮಸ್ಕಾರ ಬೇಡ ಅಂತಲೂ ಅವಳು ಯಾವತ್ತೂ ಅಂದವಳಲ್ಲ.

ಆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು, ಗಾಜಿನ ಬುಧವಾರ ಅಂತ. ದೊಡ್ಡ ಕೋಣೆಯ ಒಂದು ಗೋಡೆಗೆ ಗಾಜು ಹಾಕಿತ್ತು. ಒಳಗಿನವರಿಗೆ ಆಚೆ ಕಾಣುವುದಿಲ್ಲ, ಆಚೆಯ ಕತ್ತಲೆ ಕೋಣೆಯಲ್ಲಿ ಕೂತವರಿಗೆ ಒಳಗಿನದೆಲ್ಲ ಕಾಣುತ್ತದೆ, ಒಂದು ಸ್ಪೀಕರಿನಲ್ಲಿ ಮಾತೂ ಕೇಳಿಸುತ್ತದೆ. ಬುಧವಾರ ಒಬ್ಬರು ಒಳಗೆ ಕೂತು ಕಲಿಸಬೇಕು, ಉಳಿದವರು ಗಾಜಿನ ಹಿಂದೆ ಕೂತು ನೋಡಬೇಕು. ಮಾತು ಕಲಿಯಲು ಬಂದವರನ್ನು ಕೇಳಿ, ಅವರು ಹೂಂ ಅಂದರೆ ಮಾತ್ರ. ನೋಡುವವರು ಎಲ್ಲವನ್ನೂ ನೋಡುವ ಹಾಗಿಲ್ಲ. ಒಬ್ಬರು ಕೈ ನೋಡಿದರೆ ಇನ್ನೊಬ್ಬರು ಕಣ್ಣು, ಹೀಗೆ ಒಬ್ಬೊಬ್ಬರು ಒಂದೊಂದನ್ನೇ ಹಿಡಿದು ನೋಡಬೇಕು. ಆಮೇಲೆ ಚಹಾ ಕುಡಿಯುತ್ತ ಕಂಡದ್ದನ್ನು ಹೇಳಬೇಕು. ಕಂಡದ್ದನ್ನು ಮಾತ್ರ. ‘ನೀವು ಹೀಗೆ ಮಾಡಬೇಕಿತ್ತು’ ಅನ್ನುವ ಮಾತಿಗೆ ಆ ಮೇಜಿನ ಮೇಲೆ ಜಾಗವಿರಲಿಲ್ಲ.

ಈ ಪದ್ಧತಿ ತಂದವಳು ದೊಡ್ಡಕ್ಕನೇ. ಪೀಪಿಯೂ ಹೊಸಬಳೂ ತಮ್ಮ ಕಸುಬಿನ ಅರ್ಧ ಪಾಠ ಕಲಿತದ್ದು ಆ ಗಾಜಿನ ಎರಡು ಬದಿಯಲ್ಲಿ ಕೂತೇ. ಆದರೆ ಬರಬರುತ್ತ ದೊಡ್ಡಕ್ಕ ಒಳಗೆ ಕೂರುವುದು ಕಡಿಮೆಯಾಯಿತು. ‘ನೀವು ಕೂತುಕೊಳ್ಳಿ, ನೀವು ಕಲಿಯುವವರು’ ಅಂತ ತನ್ನ ಸರದಿಯನ್ನು ಧಾರಾಳವಾಗಿ ಬಿಟ್ಟುಕೊಡುತ್ತಿದ್ದಳು. ಅದನ್ನು ಔದಾರ್ಯ ಅಂತಲೇ ಅವಳು ನಂಬಿದ್ದಳು. ಪೀಪಿಗೆ ಬೇರೆ ಅನುಮಾನ ಇತ್ತು, ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಹೀಗಿರುವಾಗ ಹರಾಜಿನ ಯಜಮಾನರ ವಿಷಯ ಬಂತು.

ಅವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಬೆಳಗ್ಗೆ ಅವರು ಗಂಟಲು ತೆರೆದರೆ ಲಾರಿಯ ಹಾರನ್ನೂ ತಲೆತಗ್ಗಿಸಬೇಕಿತ್ತು ಅಂತ ಅವರ ಹೆಂಡತಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಟೊಮೆಟೊ ರಾಶಿಯ ಮುಂದೆ ನಿಂತು ಬೆಲೆ ಕೂಗುತ್ತಿದ್ದಾಗಲೇ ಮಾತು ನಿಂತುಹೋಯಿತು. ಬಲಗೈ ಬಿತ್ತು, ಬಲಗಾಲು ಎಳೆಯತೊಡಗಿತು. ಕಾಲು ಹೇಗೋ ಸುಧಾರಿಸಿತು. ಮಾತು ಮಾತ್ರ ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಹೇಳಬೇಕಾದ್ದೂ ಗೊತ್ತು, ಆದರೆ ಶಬ್ದ ಕೈಗೆ ಸಿಗುವುದಿಲ್ಲ. ಹೆಂಡತಿ ಜೊತೆಗಿಲ್ಲದಿದ್ದರೆ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ. ಹಾಗಾಗಿ ಆಕೆಗೂ ಮೂಲೆಯಲ್ಲಿ ಒಂದು ಕುರ್ಚಿ.

ದೊಡ್ಡಕ್ಕ ಅವರಿಗೆ ಚಿತ್ರದ ಕಾರ್ಡು ತೋರಿಸಿ ಹೆಸರು ಹೇಳಿಸುತ್ತಿದ್ದಳು. ಸಿಕ್ಕಿಬಿದ್ದಾಗ ಮೊದಲ ಅಕ್ಷರ ಎತ್ತಿಕೊಡುವುದು ಆ ಕಸುಬಿನ ರೂಢಿ. ನಾಟಕದವರು ಮಾತು ಮರೆತಾಗ ಪರದೆಯ ಹಿಂದಿನಿಂದ ಎತ್ತಿಕೊಡುತ್ತಾರಲ್ಲ, ಹಾಗೆ. ದೊಡ್ಡಕ್ಕ ‘ಪು’ ಅಂದರೆ ಯಜಮಾನರು ‘ಸ್ತಕ’ ಅನ್ನುತ್ತಿದ್ದರು. ‘ಬೆ’ ಅಂದರೆ ‘ಕ್ಕು’. ತಿಂಗಳುಗಟ್ಟಲೆ ಇದೇ ನಡೆಯಿತು. ತಾವಾಗಿ ಒಂದು ಶಬ್ದವನ್ನೂ ಪೂರ್ತಿ ಹೇಳಲಿಲ್ಲ.

ಇಂಥವರನ್ನು ಎಷ್ಟು ದಿನ ಅಂತ ಇಟ್ಟುಕೊಳ್ಳುವುದು? ಹೊರಗೆ ಕಾಯುವವರ ಸಾಲು ಉದ್ದ ಇತ್ತು. ಒಬ್ಬರ ಕುರ್ಚಿ ಖಾಲಿಯಾದರೆ ತಾನೇ ಇನ್ನೊಬ್ಬರಿಗೆ ಸಿಗುವುದು. ಯಜಮಾನರಿಗೆ ಚಿತ್ರದ ಹಲಗೆ ಕೊಟ್ಟು, ಬೇಕಾದ್ದನ್ನು ಬೆರಳಿಟ್ಟು ತೋರಿಸುವುದನ್ನು ಕಲಿಸಿ, ಕಳಿಸಿಬಿಡೋಣ ಅಂತ ದೊಡ್ಡಕ್ಕ ತೀರ್ಮಾನಿಸಿದಳು. ಅಂದರೆ ಅವರ ಮಾತಿನ ಆಸೆಯನ್ನು ಅಲ್ಲಿಗೆ ಕೈಬಿಟ್ಟ ಹಾಗೆ. ಹತ್ತಿರದಲ್ಲಿ ಇಂಥ ಇನ್ನೊಂದು ಕೇಂದ್ರ ಇರಲಿಲ್ಲ.

ಅವರ ಹೆಂಡತಿ ಮೆಟ್ಟಿಲ ಹತ್ತಿರ ದೊಡ್ಡಕ್ಕನನ್ನು ಹಿಡಿದು, “ಇನ್ನೊಂದು ಸ್ವಲ್ಪ ದಿನ ನೋಡಿ ಮೇಡಂ. ಮನೇಲಿ ಅವರು ಬಾಯಿ ತೆರೀತಾರೆ. ಏನೋ ಬರೋ ಹಾಗೇ ಇರುತ್ತೆ,” ಅಂದರು.

“ಬರೋ ಹಾಗಿರೋದು ಬೇರೆ, ಬರೋದು ಬೇರೆ ಅಮ್ಮಾ,” ಅಂದಳು ದೊಡ್ಡಕ್ಕ. ಕಡ್ಡಿ ಮುರಿದ ಹಾಗೆ ಹೇಳದಿದ್ದರೆ ಅವರಿಗೇ ಮೋಸ ಅಂತ ಸಮಾಧಾನ ಮಾಡಿಕೊಂಡಳು.

ಒಂದು ತೊಡಕಿತ್ತು. ಯಾರದೇ ಕುರ್ಚಿ ಬಿಡಿಸುವ ಮುಂಚೆ ಅವರನ್ನು ಗಾಜಿನ ಹಿಂದಿನಿಂದ ಎಲ್ಲರೂ ಒಮ್ಮೆ ನೋಡಿರಬೇಕು, ಆಮೇಲೆ ಮುಂದಿನ ಬುಧವಾರದೊಳಗೆ ಒಟ್ಟಿಗೆ ತೀರ್ಮಾನಿಸಬೇಕು. ಈ ನಿಯಮ ಮಾಡಿದವಳೂ ದೊಡ್ಡಕ್ಕನೇ. ತಾನೇ ಹಾಕಿದ ಬೇಲಿ ತನ್ನ ಕಾಲಿಗೇ ಚುಚ್ಚಿತು.

ಆ ಬುಧವಾರ ಅವಳು ಒಳಗೆ ಕೂತಳು. ಕಾರ್ಡು ಒಂದಾದ ಮೇಲೊಂದು ಇಟ್ಟಳು. ಯಜಮಾನರು ಎಂದಿನಂತೆ ನೋಡಿದರು, ಬೆವೆತರು, ಅವಳು ಎತ್ತಿಕೊಟ್ಟಾಗ ಬಾಲ ಸೇರಿಸಿದರು. ಕುತ್ತಿಗೆಯ ನರ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಮೂಲೆಯಲ್ಲಿ ಹೆಂಡತಿ ಸೀಟಿನ ತುದಿಯಲ್ಲಿ ಕೂತು, ತುಟಿಯಲ್ಲೇ ಪ್ರತಿ ಶಬ್ದವನ್ನೂ ಹೇಳುತ್ತಿದ್ದರು. ಹೊಸದೇನೂ ನಡೆಯಲಿಲ್ಲ. ನಡೆಯದೇ ಇದ್ದದ್ದೇ ತನ್ನ ಮಾತಿಗೆ ಸಾಕ್ಷಿ ಅಂತ ದೊಡ್ಡಕ್ಕ ನಿರಾಳವಾಗಿ ಚಹಾ ಕೋಣೆಗೆ ಬಂದಳು.

“ಹೇಳಿ, ಏನು ಕಂಡ್ರಿ?” ಅಂತ ಲೋಟ ಹಿಡಿದು ಕೂತಳು.

ಹೊಸಬಳು ಮೊದಲು ಹೇಳಿದಳು. “ನಾನು ಅವರ ಎಡಗೈ ನೋಡಿದೆ ಅಕ್ಕ. ಕಾರ್ಡು ಇಟ್ಟಾಗ ತೊಡೆ ಮೇಲಿಂದ ಸ್ವಲ್ಪ ಏಳುತ್ತೆ. ನೀವು ಎತ್ತಿಕೊಟ್ಟ ತಕ್ಷಣ ಬೀಳುತ್ತೆ. ಎಲ್ಲಾ ಕಾರ್ಡಿಗೂ ಹಾಗೇ ಆಯ್ತು.”

“ನಾನು ಅಂಗಿಯ ಎರಡನೇ ಗುಂಡಿ ನೋಡಿದೆ,” ಅಂದ ಪೀಪಿ. “ಉಸಿರು ನೋಡಬೇಕಿತ್ತು, ಅದಕ್ಕೆ. ಗುಂಡಿ ಮೇಲೆ ಬರುತ್ತೆ, ನಿಲ್ಲುತ್ತೆ. ನೀವು ಮಾತಾಡ್ತೀರಿ. ಗುಂಡಿ ಕೆಳಗೆ ಹೋಗುತ್ತೆ. ಆಮೇಲೆ ಅವರು ಬಾಲ ಸೇರಿಸ್ತಾರೆ, ಖಾಲಿ ಉಸಿರಲ್ಲಿ.”

ದೊಡ್ಡಕ್ಕನಿಗೆ ಮೈ ಉರಿಯಿತು. “ಅಂದ್ರೆ ನಾನು ಕಾಯಲಿಲ್ಲ ಅಂತೀಯೇನಪ್ಪ? ಕಾಯೋದು ಹೇಗೆ ಅಂತ ನಿನಗೆ ಹೇಳಿಕೊಟ್ಟವಳೇ ನಾನು.”

“ಕಾದ್ರಿ ಅಂತಲೂ ಅಂದಿಲ್ಲ, ಕಾಯಲಿಲ್ಲ ಅಂತಲೂ ಅಂದಿಲ್ಲ ಅಕ್ಕ. ಗುಂಡಿ ಮೇಲೆ ಬಂತು, ಕೆಳಗೆ ಹೋಯ್ತು. ಅಷ್ಟೇ.”

“ಅವರು ಸಿಕ್ಕಿಬಿದ್ದ ಮೇಲೇ ನಾನು ಎತ್ತಿಕೊಡೋದು.”

ಪೀಪಿ ಹೊಸಬಳ ಮುಖ ನೋಡಿದ. ಹೊಸಬಳು ಲೋಟದೊಳಗೆ ನೋಡಿದಳು. ಕಂಡದ್ದನ್ನು ಮಾತ್ರ ಹೇಳಬೇಕು ಅನ್ನುವ ನಿಯಮ ಎಷ್ಟು ಕೆಟ್ಟದ್ದು ಅಂತ ದೊಡ್ಡಕ್ಕನಿಗೆ ಅವತ್ತು ಗೊತ್ತಾಯಿತು. ಯಾರಾದರೂ ‘ನೀವು ಮಾಡಿದ್ದು ತಪ್ಪು’ ಅಂದಿದ್ದರೆ ಜಗಳವಾಡಬಹುದಿತ್ತು. ಗುಂಡಿಯ ಜೊತೆ ಜಗಳವಾಡುವುದು ಹೇಗೆ? ಅರ್ಧ ಚಹಾ ಬಿಟ್ಟು ಎದ್ದು ಹೋದಳು.

ಮನೆಯಲ್ಲಿ ಅವಳ ಗಂಡ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡಿದ್ದ. ನಕಾಶೆ ಬರೆಯುವ ಕೆಲಸ ಅವನದು. ರಬ್ಬರಿನ ಪುಡಿಯನ್ನು ಅಂಗೈಯಿಂದ ಒತ್ತಟ್ಟಿಗೆ ಸರಿಸಿ ತಟ್ಟೆಗೆ ಜಾಗ ಮಾಡಿಕೊಟ್ಟ.

“ರೀ, ಯಾರಾದ್ರೂ ಮಾತಾಡ್ತಿದ್ರೆ ನಾನು ಮಧ್ಯೆ ಬಾಯಿ ಹಾಕ್ತೀನಾ?” ಅಂತ ಕೇಳಿದಳು.

ಅವನು ನಿಧಾನದ ಮನುಷ್ಯ. ಪೆನ್ಸಿಲು ಕೆಳಗಿಟ್ಟ, ಕನ್ನಡಕ ತೆಗೆದ, ಯೋಚನೆ ಮಾಡಿದ.

“ಇಲ್ಲ ಅಂತೀರಿ ಅಲ್ವಾ?” ಅಂದಳು ದೊಡ್ಡಕ್ಕ.

“ಹೂಂ,” ಅಂದ ಅವನು, ಕನ್ನಡಕ ಮತ್ತೆ ಹಾಕಿಕೊಂಡು.

ಅನ್ನ ಬಡಿಸುತ್ತಿದ್ದ ಅವಳ ಕೈ ಅರೆಗಳಿಗೆ ನಿಂತಿತು. ಆದರೂ ಅವಳು ಸೋಲೊಪ್ಪುವವಳಲ್ಲ. ಗಂಡನ ಮಾತು ಬೇರೆ, ಕಸುಬು ಬೇರೆ. ಮನೆಯಲ್ಲಿ ಹೇಗಿದ್ದರೂ ಕೋಣೆಯೊಳಗೆ ತಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳೇ ಅಂತ ಅವಳ ಎದೆ ಗಟ್ಟಿಯಾಗಿ ಹೇಳುತ್ತಿತ್ತು.

ಮರುದಿನ ಬರುತ್ತಲೇ ಪೀಪಿಯನ್ನು ಹಿಡಿದಳು. “ಶುಕ್ರವಾರ ಯಜಮಾನರ ಜೊತೆ ನೀನು ಕೂತ್ಕೋ. ನೀನು ಹೇಗೆ ಹೇಳಿಸ್ತೀಯೋ ನಾನೂ ನೋಡ್ತೀನಿ.” ಪಾಠ ಕಲಿಸುವ ಉದ್ದೇಶವೇ ಅದು. ಪೀಪಿಗೂ ಅದು ಗೊತ್ತಾಯಿತು, ಆದರೂ ಒಪ್ಪಿಕೊಂಡ.

ಶುಕ್ರವಾರ ಕತ್ತಲೆ ಕೋಣೆಯಲ್ಲಿ ದೊಡ್ಡಕ್ಕ, ಪಕ್ಕದಲ್ಲಿ ಹೊಸಬಳು. ಗಾಜಿನ ಆಚೆ ಪೀಪಿ ಒಂದು ಕಾರ್ಡು ಇಟ್ಟ, ಪುಸ್ತಕದ್ದು. ಯಜಮಾನರು ಅದನ್ನು ನೋಡಿದರು. ಎಡಗೈ ತೊಡೆಯಿಂದ ಎದ್ದಿತು. ಅಂಗಿಯ ಗುಂಡಿ ಮೇಲೆ ಬಂತು. ತುಟಿ ಎರಡೂ ಕೂಡಿದವು.

“ಪುಸ್ತಕ. ಸರಿಯಾಗಿ ಹೇಳಿದ್ರು ನೋಡು,” ಅಂದಳು ದೊಡ್ಡಕ್ಕ.

ಗಾಜಿನ ಆಚೆ ಯಜಮಾನರ ತುಟಿ ಇನ್ನೂ ಕೂಡಿಕೊಂಡೇ ಇತ್ತು. ಸ್ಪೀಕರಿನಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ದೊಡ್ಡಕ್ಕನಿಗೆ ಆ ಶಬ್ದ ಕೇಳಿಸಿತ್ತು. ಅಂದಾಜು ಮಾಡಿದ್ದಲ್ಲ, ಊಹಿಸಿದ್ದೂ ಅಲ್ಲ, ಒರಟು ಗಂಟಲಿನ ಗಂಡಸು ದನಿಯಲ್ಲಿ ‘ಪುಸ್ತಕ’ ಅಂತ ಸ್ಪಷ್ಟವಾಗಿ ಕೇಳಿಸಿತ್ತು. ಹೇಳಿದವರು ಮಾತ್ರ ಯಾರೂ ಇರಲಿಲ್ಲ. ಇಷ್ಟು ವರ್ಷ ತಿದ್ದಿ ತೀಡಿದ ಕಿವಿ, ತುಟಿ ಕೂಡಿದ್ದನ್ನು ಕಂಡು ಮಿಕ್ಕದ್ದನ್ನು ತಾನೇ ತುಂಬಿಕೊಂಡುಬಿಟ್ಟಿತ್ತು. ಮುಂದಿನ ಕಾರ್ಡು ಬೆಕ್ಕು. ಈ ಸಲ ಅವಳು ಹಲ್ಲು ಕಚ್ಚಿ ಕೂತಳು. ಆದರೂ ತುಟಿ ಕೂಡುತ್ತಲೇ ‘ಬೆಕ್ಕು’ ಕೇಳಿಸಿಯೇಬಿಟ್ಟಿತು. ಕೆಲಸದ ಹುರುಪಿನಲ್ಲಿ ಒಬ್ಬ ಮನುಷ್ಯನ ಬಾಯಿಂದ ದಿನಾ ಮಾತು ಕಿತ್ತುಕೊಂಡಿದ್ದೆ ಅನ್ನಿಸಿ ಅವಳಿಗೆ ನಾಚಿಕೆಯಾಯಿತು. ಕತ್ತಲೆಯಲ್ಲಿದ್ದದ್ದು ಒಳ್ಳೆಯದಾಯಿತು.

ಹಾಗಂತ ಪೀಪಿಯ ಕೈಯಲ್ಲಿ ಯಜಮಾನರು ಪಟಪಟ ಮಾತಾಡಿದರು ಅಂದುಕೊಳ್ಳಬೇಡಿ. ಮಕ್ಕಳ ಜೊತೆ ಆಡಿ ಆಡಿ ಅವನಿಗೆ ಹುಬ್ಬು ಹಾರಿಸುವುದು, ಕಣ್ಣರಳಿಸುವುದು ಅಭ್ಯಾಸವಾಗಿತ್ತು. ಮಂಡಿಯ ದೊಡ್ಡ ಮನುಷ್ಯನಿಗೆ ಅದು ಹಿಡಿಸಲಿಲ್ಲ. ಮೂರನೇ ಕಾರ್ಡಿಗೆ ಮುಖ ತಿರುಗಿಸಿ ಕೂತರು, ಹೆಂಡತಿ ಎಷ್ಟು ಸನ್ನೆ ಮಾಡಿದರೂ ಕೇಳಲಿಲ್ಲ.

ಚಹಾ ಕೋಣೆಯಲ್ಲಿ ದೊಡ್ಡಕ್ಕ ಪೀಪಿಯ ಕಡೆ ತಿರುಗಿ, “ನಿನ್ನ ಹುಬ್ಬು ಮೇಲೆ ಹೋದಾಗೆಲ್ಲ ಅವರು ಬಾಗಿಲ ಕಡೆ ನೋಡಿದ್ರು,” ಅಂದಳು. ಪೀಪಿ ಹುಬ್ಬು ಮುಟ್ಟಿಕೊಂಡ. “ಇನ್ನು ನನ್ನದು. ಅವರು ಹೇಳೋಕೆ ಮುಂಚೆ ನನಗೆ ಕೇಳಿಸಿಬಿಡುತ್ತೆ. ಕೇಳಿಸಿದ ಮೇಲೆ ಕಾದದ್ದು ಸಾಕು ಅನ್ನಿಸಿ ಎತ್ತಿಕೊಟ್ಟುಬಿಡ್ತಿದ್ದೀನಿ. ಅವರ ನರ ಉಬ್ಬೋದನ್ನ ನೋಡಕ್ಕೂ ಆಗಲ್ಲ ನನ್ನ ಕೈಲಿ. ಏನು ಮಾಡಬೇಕೋ ತಿಳೀತಿಲ್ಲ.”

ದೊಡ್ಡಕ್ಕನ ಬಾಯಿಂದ ‘ತಿಳೀತಿಲ್ಲ’ ಅನ್ನುವ ಮಾತನ್ನು ಅವರಿಬ್ಬರೂ ಹಿಂದೆಂದೂ ಕೇಳಿರಲಿಲ್ಲ. ಹೊಸಬಳು ಬಿಸ್ಕತ್ತಿನ ತಟ್ಟೆಯನ್ನು ಮೆಲ್ಲಗೆ ಅವಳ ಕಡೆ ಸರಿಸಿದಳು.

“ಕಿವಿಯಲ್ಲಿ ಹತ್ತಿ ಇಟ್ಕೊಳ್ಳೋದಾ?” ಅಂದಳು ಹೊಸಬಳು. ಅದರಿಂದ ಪ್ರಯೋಜನವಿಲ್ಲ, ಕೇಳಿಸುತ್ತಿದ್ದದ್ದು ಕಣ್ಣಿನಿಂದ. ಕಣ್ಣು ಮುಚ್ಚಿಕೊಂಡರೆ ಯಜಮಾನರಿಗೆ ಅವಮಾನ. ದೊಡ್ಡಕ್ಕ ದೂರ ಕೂತರೆ ಹೇಗೆ ಅಂತ ಅಳೆದರು, ಸುರಿದರು. ಪೀಪಿ ಮಾತ್ರ ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ.

“ಅದೇನು ಅಂತ ಕಕ್ಕಿಬಿಡಪ್ಪ,” ಅಂದಳು ದೊಡ್ಡಕ್ಕ.

“ಬೈಬೇಡಿ. ನಮ್ಮ ಮಕ್ಕಳ ಅಮ್ಮಂದಿರು ಇದ್ದಾರಲ್ಲ. ಮಗು ಬಾಯಿ ತೆರೆಯೋಕೆ ಮುಂಚೆ ಉತ್ತರ ಹೇಳಿಬಿಡ್ತಾರೆ. ಎಷ್ಟು ಹೇಳಿದ್ರೂ ಕೇಳಲ್ಲ, ಅವರಿಗೆ ಗೊತ್ತೇ ಆಗಲ್ಲ. ಅದಕ್ಕೆ ನಾನು ಒಂದು ಗುಟುಕು ನೀರು ಕೊಟ್ಟು ಕೂರಿಸ್ತೀನಿ. ಬಾಯಲ್ಲಿ ಇಟ್ಕೊಂಡಿರಿ, ನುಂಗಬೇಡಿ ಅಂತ.”

ಹೊಸಬಳಿಗೆ ನಗು ಬಂತು, ಕೆಮ್ಮಿ ಮರೆಸಿದಳು. ಅಷ್ಟು ವರ್ಷ ಸರ್ವಿಸ್ ಆದ ಮೇಲೆ ಎಳೆ ತಾಯಂದಿರ ಹಾಗೆ ಕೆನ್ನೆ ಉಬ್ಬಿಸಿ ಕೂರುವುದು! ಬೇಡ ಅಂತ ಹೇಳಲು ದೊಡ್ಡಕ್ಕನ ಹತ್ತಿರ ನೂರು ಕಾರಣ ಇತ್ತು. ಹಾಗೆಯೇ ಎದುರಿಗೆ ಬುಧವಾರವೂ ಇತ್ತು. ಅವತ್ತು ಯಜಮಾನರು ತಾವಾಗಿ ಒಂದು ಶಬ್ದ ಹೇಳದಿದ್ದರೆ ಕುರ್ಚಿ ಬಿಡಲೇಬೇಕು, ಅದನ್ನು ಬಿಡಿಸಿ ಅಂದವಳು ತಾನೇ.

“ನೀರು ತಣ್ಣಗಿರಬೇಕೋ ಬೆಚ್ಚಗಿರಬೇಕೋ?” ಅಂತ ಕೇಳಿದಳು.

“ಉಗುರುಬೆಚ್ಚಗೆ ಅಕ್ಕ. ತಣ್ಣಗಿದ್ರೆ ಹಲ್ಲು ಜುಮ್ಮೆನ್ನುತ್ತೆ, ನುಂಗಿಬಿಡ್ತಾರೆ,” ಅಂದ ಪೀಪಿ ಗಂಭೀರವಾಗಿ.

ಬುಧವಾರ ಬಂತು. ಕೋಣೆಯ ಮೇಜಿನ ಮೇಲೆ ಕಾರ್ಡಿನ ಜೊತೆ ಎರಡು ಲೋಟ ನೀರು. ಒಂದು ದೊಡ್ಡಕ್ಕನಿಗೆ, ಇನ್ನೊಂದು ಯಜಮಾನರ ಹೆಂಡತಿಗೆ. ಆಕೆಗೆ ಹೇಳಿದಾಗ, “ನಾನೇನು ಮಾತಾಡ್ತೀನಿ ಮೇಡಂ? ಬಾಯಿ ಹೊಲಿದುಕೊಂಡೇ ಕೂತಿರ್ತೀನಿ,” ಅಂದಿದ್ದರು. ತಾನೂ ಹೀಗೇ ಅಂದುಕೊಂಡಿದ್ದೆ ಅಂತ ದೊಡ್ಡಕ್ಕ ಹೇಳಿದ ಮೇಲೆ ಮರುಮಾತಾಡದೆ ಲೋಟ ತೆಗೆದುಕೊಂಡರು. ಪೀಪಿ ಯಜಮಾನರಿಗೂ ವಿಷಯ ವಿವರಿಸಿ ಹುಬ್ಬು ಹಾರಿಸದೆ ಹೊರಗೆ ಹೋದ.

ದೊಡ್ಡಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಾರ್ಡು ಇಟ್ಟಳು. ಬೀಗದ ಚಿತ್ರ.

ಯಜಮಾನರು ಕಾರ್ಡು ನೋಡಿದರು. ಆಮೇಲೆ ದೊಡ್ಡಕ್ಕನ ಮುಖ ನೋಡಿದರು, ಎಂದಿನ ಹಾಗೆ ಎತ್ತಿಕೊಡುವುದನ್ನು ಕಾಯುತ್ತ. ಅಲ್ಲಿ ಎರಡು ಉಬ್ಬಿದ ಕೆನ್ನೆ ಬಿಟ್ಟರೆ ಏನೂ ಇರಲಿಲ್ಲ. ಹೆಂಡತಿಯ ಕಡೆ ತಿರುಗಿದರು. ಅಲ್ಲೂ ಅದೇ. ಅವರ ಕಣ್ಣಲ್ಲಿ ಸಿಟ್ಟು ಬಂದು ಹೋಯಿತು. ಗುಂಡಿ ಮೇಲೆ ಬಂತು, ಉಸಿರು ಹಾಗೇ ಹೋಯಿತು. ಮತ್ತೆ ಬಂತು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತು. ದೊಡ್ಡಕ್ಕನಿಗೆ ನೀರನ್ನು ಉಗಿದು ‘ಬೀ’ ಅಂದುಬಿಡೋಣ ಅನ್ನಿಸಿ ಕಣ್ಣಲ್ಲಿ ನೀರೇ ಬಂತು. ಒಬ್ಬರ ಸಂಕಟವನ್ನು ಕೈಕಟ್ಟಿ ನೋಡುವುದಕ್ಕಿಂತ ಕಷ್ಟದ ಕೆಲಸ ಇಲ್ಲ, ಎತ್ತಿಕೊಡುವುದನ್ನೇ ಕಸುಬು ಅಂತ ಹೇಳಿಕೊಂಡು ಇಷ್ಟು ದಿನ ಅದರಿಂದ ತಪ್ಪಿಸಿಕೊಂಡಿದ್ದೆ ಅಂತ ಅವಳಿಗೆ ಅನ್ನಿಸಿತು. ಮೇಜಿನ ಕೆಳಗೆ ಎರಡೂ ಕೈಯನ್ನು ಮೊಣಕಾಲ ನಡುವೆ ಅದುಮಿಕೊಂಡಳು.

ಯಜಮಾನರ ತುಟಿ ಕೂಡಿತು. ಅವಳಿಗೆ ‘ಬೀಗ’ ಕೇಳಿಸಿತು.

“ಬಾ...” ಅಂದರು ಯಜಮಾನರು. ಗಂಟಲು ಕಟ್ಟಿದ ದನಿ. “ಬಾ... ಬಾಗಿಲು.”

ದೊಡ್ಡಕ್ಕ ಇನ್ನೇನು ನೀರು ನುಂಗಿಬಿಡುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ಬೀಗ, ಬಂದದ್ದು ಬಾಗಿಲು. ಅಂದರೆ ಇಷ್ಟು ದಿನ ಅವಳಿಗೆ ಕೇಳಿಸಿದ್ದು ಅವರ ಮಾತೂ ಅಲ್ಲ, ಕಾರ್ಡಿನ ಮಾತು. ಆ ಬಾಯೊಳಗೆ ಬೇರೆ ಏನೋ ಹುಟ್ಟುತ್ತಿತ್ತು. ಅದು ತಪ್ಪೇ ಇರಬಹುದು, ಆದರೆ ಅವರದು. ತಪ್ಪು ಹೇಳುವುದಕ್ಕೂ ಅವಳು ಅವರಿಗೆ ಬಿಡುವು ಕೊಟ್ಟಿರಲಿಲ್ಲ.

ಬಾಯಿ ತುಂಬ ನೀರು ಇದ್ದುದರಿಂದ ಅವಳಿಗೆ ತಿದ್ದಲಾಗಲಿಲ್ಲ. ಯಜಮಾನರು ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡವರ ಹಾಗೆ ತಲೆ ಒಂದು ಕಡೆ ವಾಲಿಸಿದರು. ಹುಬ್ಬು ಗಂಟಿಕ್ಕಿತು. ಎಡಗೈಯನ್ನು ಎತ್ತಿ, ಕಡಿಮೆ ಬೆಲೆ ಕೂಗಿದವನನ್ನು ಆಚೆ ತಳ್ಳುವ ಹಾಗೆ ಬೀಸಿದರು.

“ಅಲ್ಲ,” ಅಂದರು. ಈ ‘ಅಲ್ಲ’ ಯಾರ ಸಹಾಯವೂ ಇಲ್ಲದೆ ನೀಟಾಗಿ ಬಂತು. ಮತ್ತೆ ಕಾರ್ಡಿನ ಮೇಲೆ ಬೆರಳಿಟ್ಟು, ಹಣೆಯ ಬೆವರು ಕೆನ್ನೆಗಿಳಿಯುವ ತನಕ ಒದ್ದಾಡಿ, “ಬೀ... ಬೀಗ,” ಅಂದರು.

ಮೂಲೆಯಲ್ಲಿ ಗುಳುಕ್ ಅಂತ ಸದ್ದಾಯಿತು. ಅವರ ಹೆಂಡತಿ ನೀರು ನುಂಗಿಬಿಟ್ಟಿದ್ದರು.

ಅವತ್ತು ಅವರು ಹೇಳಿದ್ದರಲ್ಲಿ ತಪ್ಪೇ ಹೆಚ್ಚು. ಚಮಚಕ್ಕೆ ತಟ್ಟೆ ಅಂದರು, ಛತ್ರಿಗೆ ಮಳೆ ಅಂದರು, ಒಂದು ಕಾರ್ಡಿಗೆ ಏನೂ ಅನ್ನದೆ ಮೇಜು ಗುದ್ದಿದರು. ಆದರೆ ಎಲ್ಲವೂ ಅವರೇ ಹೇಳಿದ್ದು. ಗಂಟೆ ಮುಗಿದಾಗ ದೊಡ್ಡಕ್ಕನ ಲೋಟ ಖಾಲಿಯಾಗಿತ್ತು, ದವಡೆ ನೋಯುತ್ತಿತ್ತು.

ಚಹಾ ಕೋಣೆಯಲ್ಲಿ ಯಾರೂ ಗುಂಡಿಯ ವಿಷಯ ಎತ್ತಲಿಲ್ಲ. ದೊಡ್ಡಕ್ಕ ಕಿಟಕಿಯ ಬಳಿ ನಿಂತು, “ಕುರ್ಚಿ ಬಿಡಿಸೋದು ಬೇಡ. ನಾನು...” ಅಂದವಳು ಅಲ್ಲಿಗೇ ನಿಂತಳು. ಮುಂದಿನ ಮಾತು ಗೊತ್ತಿತ್ತು, ಬಾಯಿಗೆ ಬರಲು ಒಲ್ಲೆ ಅನ್ನುತ್ತಿತ್ತು. ಪೀಪಿಗೂ ಹೊಸಬಳಿಗೂ ಅದು ಏನು ಅಂತ ಗೊತ್ತಿದ್ದಿರಲೇಬೇಕು. ಇಬ್ಬರೂ ತುಟಿ ಪಿಟಕ್ಕೆನ್ನದೆ ಕೂತಿದ್ದರು.

“ನಾನು ತಪ್ಪು ಮಾಡಿದೆ,” ಅಂದಳು ಕೊನೆಗೆ. “ಇನ್ಮೇಲೆ ನನ್ನ ಸರದಿ ಬಂದಾಗ ನಾನೇ ಒಳಗೆ ಕೂರ್ತೀನಿ. ಬಿಟ್ಟುಕೊಡ್ತೀನಿ ಅಂದ್ರೂ ನೀವು ಒಪ್ಪಬೇಡಿ.”

“ಸರಿ ಅಕ್ಕ,” ಅಂದಳು ಹೊಸಬಳು. ಪೀಪಿ ಎದ್ದು ಅವಳಿಗೆ ಚಹಾ ಬಗ್ಗಿಸಿಕೊಟ್ಟ.

ಕಿಟಕಿಯ ಕೆಳಗೆ ಬಸ್ ನಿಲ್ದಾಣ. ಯಜಮಾನರೂ ಅವರ ಹೆಂಡತಿಯೂ ರಸ್ತೆ ದಾಟಿ ಅಲ್ಲಿ ನಿಂತಿದ್ದರು. ಅವರ ಬಸ್ಸು ಬರುವುದು ಮೇಲಿನಿಂದಲೇ ಕಾಣುತ್ತಿತ್ತು. ಸಾಮಾನ್ಯವಾಗಿ ಆಕೆ ದೂರದಿಂದಲೇ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಇವತ್ತು ಬಸ್ಸಿನ ಕಡೆ ನೋಡಿ, ಗಂಡನ ಕಡೆ ನೋಡಿ, ಏನೋ ಕೇಳಿ ಸುಮ್ಮನಾದರು. ಯಜಮಾನರ ಎಡಗೈ ಮೇಲೆ ಎದ್ದಿತು, ಬಾಯಿ ತೆರೆಯಿತು. ಏನೂ ಬರಲಿಲ್ಲ. ಬಸ್ಸು ಬಂದು ನಿಂತಿತು, ಇಬ್ಬರು ಇಳಿದರು, ಒಬ್ಬಳು ಹತ್ತಿದಳು.

“ಹತ್ತಿಬಿಡಿ ಅಮ್ಮಾ,” ಅಂತ ಪೀಪಿ ಕಿಟಕಿಯೊಳಗೇ ಗೊಣಗಿದ. ಹೊಸಬಳು ಅವನ ತೋಳು ಹಿಡಿದಳು.

ಹೆಂಡತಿ ಕದಲಲಿಲ್ಲ. ಎರಡೂ ತುಟಿ ಒಳಗೆ ಎಳೆದುಕೊಂಡು, ಕೈಚೀಲವನ್ನು ಎದೆಗೆ ಒತ್ತಿಕೊಂಡು ಗಂಡನ ಮುಖವನ್ನೇ ನೋಡುತ್ತ ನಿಂತಿದ್ದರು. ಬಸ್ಸು ಹೊಗೆ ಬಿಟ್ಟು ಹೊರಟುಹೋಯಿತು. ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು ಅಂತ ಮೇಲಿದ್ದ ಮೂವರಿಗೂ ಗೊತ್ತಿತ್ತು.

ಯಜಮಾನರು ಬಸ್ಸು ಹೋದ ದಾರಿಯನ್ನು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಅವರ ಬಾಯಿ ತೆರೆದಾಗ ದೊಡ್ಡಕ್ಕ ಅಭ್ಯಾಸಬಲದಿಂದ ತುಟಿ ನೋಡಿದಳು. ಬಸ್ಸು ಅನ್ನುತ್ತಾರೆ, ಮನೆ ಅನ್ನುತ್ತಾರೆ, ಏನನ್ನುತ್ತಾರೆ ಅಂತ ಅವಳಿಗೆ ಹೊಳೆಯಲಿಲ್ಲ.

“ನಿನ್ನಿಂದ... ನಿನ್ನಿಂದಲೇ ಹೋಯ್ತು,” ಅಂತ ಯಜಮಾನರು ಹೆಂಡತಿಯನ್ನು ಗದರಿದರು. ಮಂಡಿಯಲ್ಲಿ ಕೂಗಿ ಪಳಗಿದ ಗಂಟಲು, ಮೇಲಿನ ಮಹಡಿಗೂ ಸ್ಪಷ್ಟವಾಗಿ ಕೇಳಿಸಿತು. ಬೆಂಚಿನ ಮೇಲೆ ಕೂತಿದ್ದವರು ತಲೆ ಎತ್ತಿ ನೋಡಿದರು.

“ಹೌದು ರೀ, ನನ್ನಿಂದಲೇ,” ಅಂದರು ಆಕೆ. ನಡುರಸ್ತೆಯಲ್ಲಿ ಗಂಡನ ಕೈಲಿ ಬೈಸಿಕೊಂಡು, ಯಾರ ಹಂಗೂ ಇಲ್ಲದೆ ಅಳುತ್ತ ನಗುತ್ತ ನಿಂತರು. “ಇನ್ನೊಂದು ಸಲ ಹೇಳಿ.”